ಗುಡ್ಡಕ್ಕೆ ಆನಿಕೊಂಡ ಕುಲುಮೆ

ಹೋಪ್‌ವೆಲ್ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಪುಟ್ಟ ಹಳ್ಳಿ. ಕಬ್ಬಿಣಕ್ಕಾಗಿಯೇ ಹುಟ್ಟಿದ ಊರು. 1771ರಲ್ಲಿ ಮಾರ್ಕ್ ಬರ್ಡ್ ಎಂಬ ಧಣಿ ಇಲ್ಲಿ ಕುಲುಮೆ ಕಟ್ಟಿಸಿದ. 1883ರಲ್ಲಿ ಅದು ಕೊನೆಯ ಸಲ ಆರಿತು. ಆದರೂ ಕುಲುಮೆ, ಎರಕದ ಮನೆ, ಇದ್ದಿಲಿನ ಕೊಟ್ಟಿಗೆ, ಧಣಿಯ ದೊಡ್ಡ ಮನೆ, ಕೆಲಸಗಾರರ ಸಣ್ಣ ಮನೆಗಳು ಇವತ್ತಿಗೂ ಉಳಿದಿವೆ.

ಈ ಕಟ್ಟಡಗಳು ಸುಮ್ನೆ ಅಲ್ಲಲ್ಲಿ ನಿಂತಿಲ್ಲ. ಬೆಂಕಿಗೆ ಯಾವುದು ಎಲ್ಲಿ ಬೇಕೋ ಅಲ್ಲೇ ನಿಂತಿವೆ. ಕಲ್ಲಿನ ಕುಲುಮೆ ಸುಮಾರು 30 ಅಡಿ ಎತ್ತರ, ಬಾಯಿ ಇರುವುದು ಮೇಲ್ತುದಿಯಲ್ಲಿ. ಅದಿರು, ಇದ್ದಿಲು, ಸುಣ್ಣಕಲ್ಲು ಎಲ್ಲವನ್ನೂ ಅಲ್ಲಿಂದಲೇ ಸುರಿಯಬೇಕು. ಅಷ್ಟು ಭಾರವನ್ನು ಹಗಲೂ ರಾತ್ರಿ ಎತ್ತುವವರು ಯಾರು? ಅದಕ್ಕೇ ಕುಲುಮೆಯನ್ನು ಗುಡ್ಡಕ್ಕೆ ಆನಿಸಿ ಕಟ್ಟಿದರು. ಗುಡ್ಡದ ಮೇಲಿಂದ ಗಾಡಿ ತಳ್ಳಿಕೊಂಡು ಬಂದರೆ ನೇರ ಬಾಯಿಗೇ ಸೇರುತ್ತಿತ್ತು. ಕೆಳಗೆ ನೀರಿನ ಚಕ್ರ. ಅದು ತಿರುಗಿದಂತೆಲ್ಲ ದೊಡ್ಡ ಮರದ ಪೀಪಾಯಿಗಳೊಳಗೆ ಕೊಂತ (ಪಿಸ್ಟನ್) ಏರಿಳಿದು, ತಿದಿಯ ಹಾಗೆ ಬೆಂಕಿಗೆ ಗಾಳಿ ಊದುತ್ತಿತ್ತು.

ಒಳಗಿನ ಕೆಲಸವೆಲ್ಲ ಇದ್ದಿಲಿನದು. ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಬಿಡುಗಡೆಯಾಗುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಅದರೊಳಗೆ ಶೇಕಡಾ 4ರಷ್ಟು ಇಂಗಾಲ ಸೇರಿಬಿಟ್ಟರೆ ಸುಮಾರು 1150 ಡಿಗ್ರಿಗೇ ನೀರಾಗುತ್ತದೆ! ಇದ್ದಿಲು ಬೆಂಕಿಯನ್ನೂ ಕೊಟ್ಟಿತು, ಕಬ್ಬಿಣ ಹರಿಯುವಂತೆಯೂ ಮಾಡಿತು. ಸುಣ್ಣಕಲ್ಲು ಅದಿರಿನ ಕಸವನ್ನು ಸೆಳೆದುಕೊಂಡು ಕಿಟ್ಟವಾಗಿ ಮೇಲೆ ತೇಲುತ್ತಿತ್ತು. ಕೆಳಗಿನ ಕಬ್ಬಿಣವನ್ನು ಎರಕದ ಮನೆಯ ಮರಳಿನ ಅಚ್ಚುಗಳಿಗೆ ಬಿಡುತ್ತಿದ್ದರು. ಮನೆ ಬೆಚ್ಚಗಿಡುವ ಒಲೆಗಳ ತಗಡುಗಳಿಗೆ ಹೋಪ್‌ವೆಲ್ ಹೆಸರುವಾಸಿ.

ನನಗೆ ಜಾಸ್ತಿ ಕಾಡುವುದು ಇದ್ದಿಲು ಸುಡುತ್ತಿದ್ದವರ ಬದುಕು. ಕಟ್ಟಿಗೆಯನ್ನು ಗುಡ್ಡೆ ಹಾಕಿ, ಎಲೆ ಮತ್ತು ಮಣ್ಣು ಮುಚ್ಚಿ, ಒಳಗೆ ಬೆಂಕಿ ಇಡುತ್ತಿದ್ದರು. ಅದು ಧಗಧಗ ಉರಿಯಬಾರದು, ಒಳಗೊಳಗೇ ಬೇಯಬೇಕು. ಗಾಳಿ ಹೊಕ್ಕರೆ ಉಳಿಯುವುದು ಬೂದಿ. ಹಾಗಾಗಿ ಸುಮಾರು 2 ವಾರ ಪಕ್ಕದ ಗುಡಿಸಲಲ್ಲೇ ಕಾವಲು. ಸುಡುತ್ತಿರುವ ಗುಡ್ಡೆಯ ಮೇಲೇ ಹತ್ತಿ, ಕಾಲಲ್ಲಿ ತುಳಿದು ಎಲ್ಲಿ ಮೆತ್ತಗಾಗಿದೆ ಎಂದು ನೋಡಬೇಕಿತ್ತು. ಕುಸಿದರೆ ಒಳಗೆ ಕೆಂಡ. ಬೀಡು ಕಬ್ಬಿಣದ ಆ ಒಲೆಗಳನ್ನು ನೋಡುವಾಗ ಈ ಕಾಲುಗಳೂ ನೆನಪಾಗಬೇಕು ಅಲ್ವಾ?

ಕುಲುಮೆ ನಡೆಯುವಾಗ ದಿನಕ್ಕೆ ಸುಮಾರು 1 ಎಕರೆ ಕಾಡು ಇದ್ದಿಲಾಗುತ್ತಿತ್ತು. ಆಮೇಲೆ ಕಲ್ಲಿದ್ದಲಿನ ದೊಡ್ಡ ಕುಲುಮೆಗಳು ಬಂದವು. ಅವುಗಳ ಮುಂದೆ ಹೋಪ್‌ವೆಲ್ ನಿಲ್ಲಲಾಗಲಿಲ್ಲ. 1935ರಲ್ಲಿ ಸರ್ಕಾರ ಈ ಜಾಗ ಕೊಂಡಿತು. ಜನ ಬಂದು ವಿಹರಿಸುವ ಕಾಡು ಮಾಡುವುದು ಆಗಿನ ಉದ್ದೇಶ. ಹಳೆಯ ಕಟ್ಟಡಗಳ ಬೆಲೆ ತಿಳಿದ ಮೇಲೆ, 1938ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಕಡಿದ ಕಾಡು ಈಗ ಮತ್ತೆ ಎತ್ತರಕ್ಕೆ ಬೆಳೆದಿದೆ. ಮರಗಳ ನಡುವೆ ಅಲ್ಲಲ್ಲಿ ದುಂಡಗಿನ ಸಮತಟ್ಟು ಜಾಗಗಳು ಸಿಗುತ್ತವೆ. ಗುಡ್ಡೆ ಸುಡುತ್ತಿದ್ದುದು ಅಲ್ಲೇ. ಎಲೆ ಸರಿಸಿದರೆ ಮಣ್ಣು ಇನ್ನೂ ಕಪ್ಪಗಿದೆ.