ಹಾಲು ಯಾವ ಹೊಟ್ಟೆಗೆ ಹೋಗಬೇಕೆಂದು ಕರುವಿನ ಬಾಯಿ ಹೇಳುತ್ತದೆ

ದಾವಣಗೆರೆ, ಹರಿಹರ, ಹೊನ್ನಾಳಿ ಸುತ್ತಿನ ಕೊಟ್ಟಿಗೆಗಳಲ್ಲಿ ಹದಿನೈದು ಇಪ್ಪತ್ತು ದಿನದ ಮಿಶ್ರತಳಿ ಕರು ಎಡಗಡೆ ಹೊಟ್ಟೆ ಉಬ್ಬಿಸಿಕೊಂಡು, ಬೂದುಬಣ್ಣದ ಜೇಡಿಮಣ್ಣಿನಂಥ ಸಗಣಿ ಹಾಕಿ, ಮೈಗೂದಲು ಒರಟಾಗಿ ಸೊರಗಿ ನಿಂತರೆ ಮಾಲೀಕರು ಜಂತುವಿನ ಔಷಧಿ ಕೇಳುತ್ತಾರೆ. ಮೊದಲು ವಿಚಾರಿಸಬೇಕಾದದ್ದು ಬೇರೆ: ಈ ಕರುವಿಗೆ ಹಾಲನ್ನು ಹೇಗೆ ಕುಡಿಸುತ್ತಿದ್ದೀರಿ?

ಹುಟ್ಟಿದ ಕರುವಿಗೂ ನಾಲ್ಕು ಹೊಟ್ಟೆಗಳಿವೆ, ಆದರೆ ಕೆಲಸ ಮಾಡುವುದು ನಾಲ್ಕನೆಯದು ಮಾತ್ರ. ಒಟ್ಟು ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಅದರದೇ. ಬೆಳೆದ ದನದಲ್ಲಿ ಶೇ 80ರಷ್ಟು ಜಾಗ ಹಿಡಿಯುವ ಮೆಲುಕಿನ ಚೀಲ ಆಗಿನ್ನೂ ಚಿಕ್ಕದು, ಮುದುಡಿಕೊಂಡಿರುತ್ತದೆ. ಅನ್ನನಾಳ ಮುಗಿಯುವಲ್ಲಿ ತುಟಿಗಳಂಥ ಎರಡು ಮಡಿಕೆಗಳ ಒಂದು ತೋಡಿದೆ. ಮಡಿಕೆಗಳು ಕೂಡಿಕೊಂಡರೆ ಅದು ಕೊಳವೆಯಾಗುತ್ತದೆ. ಭದ್ರಾ ನಾಲೆಯ ತೂಬು ಮುಚ್ಚಿದಾಗ ನೀರು ಪಕ್ಕದ ಗದ್ದೆಗೆ ಇಳಿಯದೆ ಮುಂದಕ್ಕೆ ಸಾಗುವಂತೆ, ಹಾಲು ಮೆಲುಕಿನ ಚೀಲಕ್ಕೆ ಬೀಳದೆ ನೇರ ನಾಲ್ಕನೇ ಹೊಟ್ಟೆ ಸೇರುತ್ತದೆ.

ಈ ತೂಬನ್ನು ಮುಚ್ಚುವುದು ನರ. ಕರು ಮೊಲೆ ಚೀಪಿದಾಗ ಬಾಯಿ, ಗಂಟಲಿನ ನರಗಳು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ವೇಗಸ್ ಎಂಬ ನರ ಇಳಿದು ಬಂದು ಮಡಿಕೆಗಳನ್ನು ಬಿಗಿಯುತ್ತದೆ. ವೇಗಸ್‌ನ ಸಂದೇಶ ತಡೆಯುವ ಅಟ್ರೋಪಿನ್ ಚುಚ್ಚಿದರೆ ಎಷ್ಟು ಚೀಪಿದರೂ ತೋಡು ಮುಚ್ಚುವುದಿಲ್ಲ. ಇನ್ನೂ ಸೋಜಿಗವೆಂದರೆ, ರೂಢಿಯಾದ ಕರುವಿನಲ್ಲಿ ಹಾಲಿನ ಪಾತ್ರೆ ಕಂಡರೂ, ಅದರ ಸದ್ದು ಕೇಳಿದರೂ ತೋಡು ಬಿಗಿಯತೊಡಗುತ್ತದೆ. ಅದೇ ಹೊತ್ತು, ಅದೇ ಪಾತ್ರೆ, ಸಾಧ್ಯವಾದರೆ ಅದೇ ಕೈ ಎಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ.

ಗೊಟ್ಟದಲ್ಲಿ, ಅಂದರೆ ದನಕ್ಕೆ ಔಷಧಿ ಹೊಯ್ಯುವ ಬಿದಿರಿನ ಕೊಳವೆಯಲ್ಲಿ, ಹಾಲು ಹೊಯ್ದಾಗ ಕರು ಚೀಪುವುದಿಲ್ಲ, ಬರೀ ನುಂಗುತ್ತದೆ. ತೋಡು ತೆರೆದೇ ಇದ್ದು ಹಾಲು ಮೆಲುಕಿನ ಚೀಲಕ್ಕೆ ಬೀಳುತ್ತದೆ, ಅಲ್ಲಿ ಸೂಕ್ಷ್ಮಾಣುಗಳು ಅದನ್ನು ಹುಳಿ ಮಾಡುತ್ತವೆ. ಹುಳಿ ಏರಿ ಚೀಲದ ಒಳಪದರ ಬೇಯುತ್ತದೆ, ಗಾಳಿ ತುಂಬುತ್ತದೆ, ಕರು ಹಾಲು ಕುಡಿಯುವುದನ್ನೇ ಬಿಡುತ್ತದೆ. ಕುಡಿಯುತ್ತಿಲ್ಲವೆಂದು ಮತ್ತೆ ಗೊಟ್ಟ ಹಿಡಿದರೆ ಕಾಯಿಲೆ ಮತ್ತಷ್ಟು ಬಲಿಯುತ್ತದೆ. ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ಕುಡಿಯುವಾಗ ಎಡ ಪಕ್ಕೆಗೆ ಸ್ಟೆತೊಸ್ಕೋಪ್ ಇಟ್ಟರೆ ಹಾಲು ಸುರಿಯುವ ಸದ್ದೇ ಕೇಳಿಸುತ್ತದೆ. ಚೀಪಲಾರದ ನವಜಾತ ಕರುವಿಗೆ ಗಿಣ್ಣದ ಹಾಲನ್ನು ವೈದ್ಯರು ನಳಿಗೆಯಲ್ಲಿ ಕೊಡುವುದು ಮಾತ್ರ ಇದಕ್ಕೆ ಹೊರತು. ಆಗ ಚೀಲದಲ್ಲಿ ಸೂಕ್ಷ್ಮಾಣುಗಳ ಕಾಟವಿಲ್ಲ, ಗಿಣ್ಣು ತುಂಬಿ ಮುಂದಕ್ಕೆ ಹರಿಯುತ್ತದೆ.

ಚೀಪುವುದರಿಂದ ತೋಡು ಮುಚ್ಚುವುದಷ್ಟೇ ಅಲ್ಲದೆ ಕೊಬ್ಬು ಕರಗಿಸುವ ಕಿಣ್ವ ಎಂಜಲಿನಲ್ಲಿ ಬೆರೆಯುತ್ತದೆ, ವೇಗಸ್ ನಾಲ್ಕನೇ ಹೊಟ್ಟೆಗೂ ರಸ ಸುರಿಸಲು ಹೇಳುತ್ತದೆ. ಅಲ್ಲಿನ ರೆನ್ನಿನ್ ಕಿಣ್ವ ಹಾಲನ್ನು ನಿಮಿಷಗಳಲ್ಲಿ ಗಡ್ಡೆ ಕಟ್ಟಿಸುತ್ತದೆ. ತಿಳಿ ಬೇಗ ಕೆಳಗಿಳಿಯುತ್ತದೆ, ಗಡ್ಡೆ ಗಂಟೆಗಟ್ಟಲೆ ನಿಧಾನ ಕರಗುತ್ತದೆ. ಇಲ್ಲಿಂದ ಮುಂದೆ ಹಾರ್ಮೋನುಗಳ ಆಟ. ಹೊಟ್ಟೆಯ ಕೊನೆಯ ಭಾಗದಿಂದ ಹೊರಡುವ ಗ್ಯಾಸ್ಟ್ರಿನ್ ಆಮ್ಲ ಹೆಚ್ಚಿಸುತ್ತದೆ. ಆಮ್ಲ ಕರುಳಿಗೆ ಇಳಿದರೆ ಸೆಕ್ರೆಟಿನ್, ಕೊಬ್ಬು ಮತ್ತು ಪ್ರೋಟೀನ್ ಇಳಿದರೆ ಕೋಲಿಸಿಸ್ಟೊಕೈನಿನ್ ರಕ್ತ ಸೇರಿ, ಮೇದೋಜೀರಕ ಗ್ರಂಥಿಯ ರಸ ಬರಿಸಿ ಹೊಟ್ಟೆಗೆ 'ತಡಿ, ಇದನ್ನು ಅರಗಿಸುತ್ತೇನೆ' ಎಂಬ ಸೂಚನೆ ಕೊಡುತ್ತವೆ. ಹೊಟ್ಟೆ ಖಾಲಿಯಾಗುವ ವೇಗ ಈ ಬ್ರೇಕಿನ ಮೇಲೆ ನಿಂತಿದೆ.

ಹಾಲಿಗೆ ಬೆಲ್ಲ ಕಲಸಿದರೆ, ಹಾಲಿನ ಪುಡಿಯನ್ನು ಗಟ್ಟಿಯಾಗಿ ಕರಗಿಸಿದರೆ ಬ್ರೇಕು ವಿಪರೀತ ಬಿಗಿಯುತ್ತದೆ. ಸಿಹಿ ಹಾಲು ಅಲ್ಲೇ ನಿಂತು ಹುಳಿತು ನಾಲ್ಕನೇ ಹೊಟ್ಟೆಯೇ ಉಬ್ಬುತ್ತದೆ. ಇಂಥ ಕರು ಒಂದೇ ದಿನದಲ್ಲಿ ಸತ್ತದ್ದೂ ಉಂಟು. ಪುಡಿಯಾದರೆ ಲೀಟರಿಗೆ 125 ಗ್ರಾಂ ಮೀರಬೇಡಿ, ಪೊಟ್ಟಣದ ಮೇಲಿನ ಅಳತೆ ನೋಡಿ. ಭೇದಿಗೆ ಸೋಡಾ ಬೆರೆತ ಓಆರ್‌ಎಸ್ ಕೊಡುವಾಗ ಹಾಲಿಗೂ ಅದಕ್ಕೂ ಮೂರು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಹಾಲು ಗಡ್ಡೆ ಕಟ್ಟದು. ಹೆದರಿಕೆ, ನೋವು, ಚಳಿಯಲ್ಲಿಯೂ ಹೊಟ್ಟೆಯ ಚಲನೆ ಕುಗ್ಗುತ್ತದೆ. ಕೊಂಬು ಸುಡಿಸಿದ ಕೂಡಲೇ ಹಾಲಿಗೆ ಬಿಡಬೇಡಿ.

ಡೈರಿಗೆ ಹಾಲು ಹಾಕಿ ಬಂದು ಉಳಿದದ್ದನ್ನು ತಣ್ಣಗೆ ಕರುವಿಗೆ ಕೊಡುವ ರೂಢಿ ತಪ್ಪಬೇಕು. ಕರೆದ ಕೂಡಲೇ, 38ರಿಂದ 39 ಡಿಗ್ರಿ ಬಿಸಿಯಲ್ಲಿ ಕೊಡಿ. ಮಾರ್ಗಶಿರ, ಪುಷ್ಯದ ಚಳಿಗೆ ಚಿತ್ರದುರ್ಗದ ಬಯಲಿನಲ್ಲಿ ಹಾಲು ಬಕೆಟ್ಟಿನಲ್ಲೇ ಆರಿಹೋಗುತ್ತದೆ. 30 ಕಿಲೋ ಕರುವಿಗೆ ದಿನಕ್ಕೆ 3 ಲೀಟರ್, ಎರಡು ಮೂರು ಬಾರಿ. ರಬ್ಬರ್ ಮೊಲೆ ತಾಯಿಯ ಕೆಚ್ಚಲ ಎತ್ತರಕ್ಕಿರಲಿ. ಬಾಟಲಿ ಮಗುಚಿದಾಗ ಹಾಲು ತೊಟ್ಟಿಕ್ಕಬೇಕು, ಸುರಿಯಬಾರದು. ತೂತು ದೊಡ್ಡದಾದರೆ ಕರು ಚೀಪುವ ಬದಲು ನುಂಗುತ್ತದೆ. ಬಕೆಟ್ಟೇ ಗತಿಯೆಂದರೆ ತೊಳೆದ ಎರಡು ಬೆರಳು ಚೀಪಿಸುತ್ತಾ ಹಾಲಿಗೆ ಬಾಯಿ ಇಳಿಸಿ ಕಲಿಸಿ.

ಮೆಲುಕಿನ ಚೀಲ ಬೆಳೆಯುವುದು ಮಾತ್ರ ಹಾಲಿನಿಂದಲ್ಲ. ಕಾಳಿನ ಪುಡಿ ಅಲ್ಲಿ ಹುದುಗು ಬಂದಾಗ ಹುಟ್ಟುವ ಬ್ಯುಟಿರಿಕ್ ಆಮ್ಲ ಒಳಗೋಡೆಯ ಚಿಗುರುಗಳನ್ನು ಬೆಳೆಸುತ್ತದೆ. ಎರಡನೇ ವಾರದಿಂದ ಹಿಡಿಯಷ್ಟು ಇಡಿ: ನಮ್ಮ ಮೆಕ್ಕೆಜೋಳದ ನುಚ್ಚು 50 ಭಾಗ, ಶೇಂಗಾ ಹಿಂಡಿ 30, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1. ಹಿಂಡಿ ಮುಗ್ಗಲು ಹಿಡಿದಿದ್ದರೆ ಬೇಡವೇ ಬೇಡ, ಯೂರಿಯಾ ಸೇರಿಸುವ ಮಾತೇ ಇಲ್ಲ. ಪಕ್ಕದಲ್ಲಿ ಬೇರೆ ಬೋಗುಣಿಯಲ್ಲಿ ನೀರಿರಲಿ. ಸಾಮಾನ್ಯವಾಗಿ ಕುಡಿದ ನೀರು ತೋಡು ತಪ್ಪಿಸಿ ಮೆಲುಕಿನ ಚೀಲಕ್ಕೇ ಹೋಗುತ್ತದೆ, ಸೂಕ್ಷ್ಮಾಣುಗಳಿಗೆ ಬೇಕಾದದ್ದೂ ಅದೇ. ಸತತ ಮೂರು ದಿನ ಕರು ದಿನಕ್ಕೆ ಒಂದು ಕಿಲೋ ತಿಂಡಿ ತಿಂದರೆ ಹಾಲು ಬಿಡಿಸಬಹುದು.