ರಾತ್ರಿ ಒಂಬತ್ತಕ್ಕೂ ಆರದ ಗೋಡೆ, ಮೈಸೂರು ಸರ್ಕಾರದ ಒಬ್ಬ ಆರ್ಕಿಟೆಕ್ಟ್

ಏಪ್ರಿಲ್ ತಿಂಗಳಲ್ಲಿ ಒಂದು ದಿನ, ರಾತ್ರಿ ಒಂಬತ್ತರ ಹೊತ್ತಿಗೆ, ನಿಮ್ಮ ಮನೆಯ ಪಶ್ಚಿಮದ ಗೋಡೆಯನ್ನು ಒಳಗಿನಿಂದ ಮುಟ್ಟಿ ನೋಡಿ. ಹೊರಗೆ ಗಾಳಿ ತಣ್ಣಗಾಗಿರುತ್ತದೆ. ಗೋಡೆ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಹಿಂದೆ ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ ನಾವು ಬೇಸಿಗೆ ಬಂದರೆ ಮಂಚವನ್ನು ಆ ಗೋಡೆಯಿಂದ ಎರಡಡಿ ಈಚೆಗೆ ಎಳೆದುಕೊಂಡು ಮಲಗುತ್ತಿದ್ದೆವು.

ಕಾರಣ ಸರಳ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ತಲುಪಲು ಸುಮಾರು ಆರೇಳು ಗಂಟೆ ಬೇಕು. ಮಧ್ಯಾಹ್ನ ಮೂರರ ಬಿಸಿಲು ಮಂಚದ ಹತ್ತಿರ ಬರುವುದು ರಾತ್ರಿ ಒಂಬತ್ತು ಹತ್ತಕ್ಕೆ. ಹಗಲು ಜನ ಇರುವ ಶಾಲೆಗೆ, ಕಚೇರಿಗೆ ಈ ತಡ ಒಂದು ವರ. ಬಿಸಿ ಒಳಗೆ ಬರುವಷ್ಟರಲ್ಲಿ ಎಲ್ಲರೂ ಮನೆಗೆ ಹೋಗಿರುತ್ತಾರೆ. ಮಲಗುವ ಕೋಣೆಗೆ ಅದೇ ಗೋಡೆ ಶಿಕ್ಷೆ.

ಈ ಲೆಕ್ಕವನ್ನು ಕಟ್ಟಡ ಕಟ್ಟುವ ಮೊದಲೇ ಹಾಕಬೇಕು ಅನ್ನುವುದನ್ನು ಜಗತ್ತಿನ ಎಷ್ಟೋ ದೇಶಗಳ ಆರ್ಕಿಟೆಕ್ಟ್‌ಗಳಿಗೆ ಕಲಿಸಿದ ಒಬ್ಬರು ಒಂದು ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರ್ಕಾರಿ ನೌಕರರಾಗಿದ್ದರು. ಹೆಸರು ಒಟ್ಟೊ ಕೋನಿಗ್ಸ್‌ಬರ್ಗರ್. ಬೆಂಗಳೂರಿನಲ್ಲಿ ಈ ಹೆಸರು ಕೇಳಿದವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹುಟ್ಟಿದ್ದು 1908ರಲ್ಲಿ, ಬರ್ಲಿನ್‌ನಲ್ಲಿ. ಅಪ್ಪನೂ ಆರ್ಕಿಟೆಕ್ಟ್. 1933ರಲ್ಲಿ ಅಲ್ಲಿನ ದೊಡ್ಡ ಮರ್ಯಾದೆಯ ಶಿಂಕೆಲ್ ಪ್ರಶಸ್ತಿ ಬಂತು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದ ಈ ಹುಡುಗನಿಗೆ ಊರಲ್ಲಿ ಜಾಗವಿಲ್ಲದಂತಾಯಿತು. ಕೈರೋಗೆ ಹೋಗಿ ಪ್ರಾಚೀನ ಈಜಿಪ್ಟಿನ ಕಟ್ಟಡಗಳ ಅಧ್ಯಯನಕ್ಕೆ ಇಳಿದರು. ಅವರ ಡಾಕ್ಟರೇಟ್ ವಿಷಯ ಏನು ಗೊತ್ತಾ? ಪ್ರಾಚೀನ ಈಜಿಪ್ಟಿನವರು ಬಾಗಿಲನ್ನು ಹೇಗೆ ಮಾಡುತ್ತಿದ್ದರು ಅನ್ನುವುದು. ಸಾವಿರಾರು ವರ್ಷ ಹಳೆಯ ಒಂದು ಬಾಗಿಲಿನ ಮುಂದೆ ತಾಳ್ಮೆಯಿಂದ ಕೂತು ನೋಡಬಲ್ಲ ಮನುಷ್ಯ ಅಂದ ಹಾಗಾಯಿತು.

ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ. ವಿ. ರಾಮನ್ ಕರೆದರೆಂದು ಬಾರ್ನ್ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆ ನಂಟು ಅಳಿಯನ ಕೈ ಹಿಡಿಯಿತು. 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೋನಿಗ್ಸ್‌ಬರ್ಗರ್ ಮೈಸೂರು ಸರ್ಕಾರದ ಆರ್ಕಿಟೆಕ್ಟ್ ಆಗಿ ಕೆಲಸಕ್ಕೆ ಸೇರಿದರು. ಕಲಾಸಿಪಾಳ್ಯದ ಬಸ್ ನಿಲ್ದಾಣ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗ, ಊಟದ ಹಾಲ್. ಬಸ್ಸಿಗೆ ಕಾಯುವವರಿಗೆ, ಪಾರ್ಕಿಗೆ ಬಂದವರಿಗೆ, ಹಾಸ್ಟೆಲ್ ಹುಡುಗರಿಗೆ. ಇದರ ನಡುವೆಯೇ ಟಾಟಾದವರಿಗಾಗಿ ಜೆಮ್‌ಷೆಡ್‌ಪುರದ ನಗರ ಯೋಜನೆಯನ್ನೂ ಮಾಡಿಕೊಟ್ಟರು.

ಆಮೇಲೆ ಸ್ವತಂತ್ರ ಭಾರತ ಕರೆಯಿತು. 1948ರಲ್ಲಿ ಶಂಕುಸ್ಥಾಪನೆಯಾದ ಭುವನೇಶ್ವರದ ಯೋಜನೆ ಅವರದೇ. ಕಾಲುದಾರಿಯಿಂದ ಹಿಡಿದು ಹೆದ್ದಾರಿಯವರೆಗೆ ಅಲ್ಲಿ ಏಳು ಬಗೆಯ ರಸ್ತೆಗಳನ್ನು ಬೇರೆಬೇರೆ ಮಾಡಿದ್ದರು. ದೇಶ ವಿಭಜನೆಯಿಂದ ಮನೆ ಕಳೆದುಕೊಂಡು ಬಂದವರಿಗೆ ಸೂರು ಕಟ್ಟಿಸಬೇಕಿತ್ತು. ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ಆ ಹೊಣೆ ಹೊತ್ತರು. ದೆಹಲಿಯಲ್ಲಿ ಸಿದ್ಧ ಮನೆಗಳ ಒಂದು ಕಾರ್ಖಾನೆ ಶುರುವಾಯಿತು. ಅಚ್ಚಿನಲ್ಲಿ ಎರಕ ಹೊಯ್ದ ಹಗುರ ಕಾಂಕ್ರೀಟ್ ಫಲಕಗಳನ್ನು ತಂದು ಜೋಡಿಸಿದರೆ ಮನೆ ಎದ್ದು ನಿಲ್ಲಬೇಕು. ಆದರೆ ಫಲಕಗಳು ಬಿರುಕು ಬಿಟ್ಟವು. ಟೀಕೆ ಜೋರಾಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್‌ಗೆ ಹೋದರು.

ಇಲ್ಲಿ ಕಲಿತದ್ದು ಅಲ್ಲಿ ಪಾಠವಾಯಿತು. ಬಿಸಿಲ ನಾಡುಗಳ ಕಟ್ಟಡ ವಿದ್ಯೆಯನ್ನು ಕಲಿಸಲೆಂದೇ ಲಂಡನ್‌ನಲ್ಲಿ ಶುರುವಾದ ವಿಭಾಗವನ್ನು ವರ್ಷಗಟ್ಟಲೆ ನಡೆಸಿದರು. ಅವರು ಕಾರ್ಲ್ ಮಹೋನಿ ಮತ್ತು ಜಾನ್ ಮಾರ್ಟಿನ್ ಎವಾನ್ಸ್ ಜೊತೆ ಸೇರಿ ಮಾಡಿದ ಕೆಲವು ಕೋಷ್ಟಕಗಳನ್ನು 1971ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿತು. ಮಹೋನಿ ಕೋಷ್ಟಕ ಅಂತಲೇ ಹೆಸರು. ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಪೆನ್ಸಿಲ್, ಕಾಗದ ಇದ್ದರೆ ಸಾಕು. ನಿಮ್ಮೂರಿನ ಹನ್ನೆರಡು ತಿಂಗಳ ಉಷ್ಣಾಂಶ, ಗಾಳಿಯ ತೇವ, ಮಳೆ, ಗಾಳಿ ಬೀಸುವ ದಿಕ್ಕು ಬರೆದುಕೊಳ್ಳಿ. ಅದನ್ನು ಮೈಗೆ ಹಿತ ಅನ್ನಿಸುವ ಮಿತಿಯ ಜೊತೆ ಹೋಲಿಸಿ. ಆ ಮಿತಿ ಎಲ್ಲ ಕಡೆ ಒಂದೇ ಅಲ್ಲ. ವರ್ಷದ ಸರಾಸರಿ 20 ಡಿಗ್ರಿ ದಾಟುವ ಊರಿನಲ್ಲಿ, ತೇವ ಶೇಕಡ 30ಕ್ಕಿಂತ ಕಡಿಮೆ ಇದ್ದರೆ ಹಗಲು 34 ಡಿಗ್ರಿವರೆಗೂ ಸಹಿಸಬಹುದು. ತೇವ ಶೇಕಡ 70 ದಾಟಿದರೆ 27ಕ್ಕೇ ಸಾಕಪ್ಪಾ ಅನ್ನಿಸುತ್ತದೆ. ಯಾಕೆಂದರೆ ಒಣ ಗಾಳಿಯಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ.

ಈಗ ಕೋಷ್ಟಕ ಉತ್ತರ ಕೊಡುತ್ತದೆ. ಕರಾವಳಿಯಂಥ ತೇವದ ಊರಾದರೆ ಗೋಡೆಯ ಶೇಕಡ 40ರಿಂದ 80ರಷ್ಟು ಕಿಟಕಿ ಬಾಗಿಲಿಗೇ ಬಿಡಿ, ಗಾಳಿ ಅಡ್ಡ ಹಾಯಲಿ, ಗೋಡೆ ತೆಳುವಾಗಿರಲಿ. ಬಿಸಿ ಜಾಸ್ತಿ, ತೇವ ಕಡಿಮೆ ಇರುವ ಊರಾದರೆ ಕಿಟಕಿ ಶೇಕಡ 10ರಿಂದ 20 ಸಾಕು, ಗೋಡೆ ದಪ್ಪ, ಬಿಸಿ ದಾಟಲು ಎಂಟು ಗಂಟೆಗೂ ಹೆಚ್ಚು ಹಿಡಿಯುವ ಭಾರದ ಛಾವಣಿ, ರಾತ್ರಿ ಹೊರಗೆ ಮಲಗಲು ಜಾಗ. ಓದುತ್ತಿದ್ದಂತೆ ಕಲಬುರಗಿ ಕಡೆಯ ಮಣ್ಣಿನ ಮಾಳಿಗೆ ಮನೆ ಕಣ್ಣಿಗೆ ಬರುತ್ತದೆ, ಅಲ್ವಾ? ದಪ್ಪ ಗೋಡೆ, ಸಣ್ಣ ಕಿಟಕಿ, ರಾತ್ರಿಯಾದರೆ ಹಾಸಿಗೆ ಹಿಡಿದು ಮಾಳಿಗೆ ಮೇಲೆ. ನಮ್ಮ ಹಿರಿಯರು ತಲೆಮಾರುಗಳಿಂದ ಕಂಡುಕೊಂಡಿದ್ದಕ್ಕೆ ಇಲ್ಲಿ ಅಂಕಿಗಳ ಆಧಾರ ಸಿಕ್ಕಿತು. ಈಗ ನೋಡಿದರೆ ಮಂಗಳೂರಿನಲ್ಲೂ ಕಲಬುರಗಿಯಲ್ಲೂ ಅದೇ ಸ್ಲ್ಯಾಬು, ಅದೇ ಅಳತೆಯ ಕಿಟಕಿ.

ಕಟ್ಟಡದ ಉದ್ದದ ಮುಖ ಉತ್ತರ ದಕ್ಷಿಣಕ್ಕೆ ಇರಲಿ ಅನ್ನುವುದು ಆ ಕೋಷ್ಟಕದ ಮೊದಲ ಸಲಹೆಗಳಲ್ಲೊಂದು. ಯಾಕೆ ಅಂತ ಬೆಂಗಳೂರಿನ ನಾಲ್ಕಡಿ ಎತ್ತರದ ಕಿಟಕಿಯಿಂದಲೇ ತಿಳಿಯಬಹುದು. ಅದು ದಕ್ಷಿಣದ ಗೋಡೆಯಲ್ಲಿದೆ ಅನ್ನಿ. ಮಾರ್ಚ್ 21ರ ನಡುಮಧ್ಯಾಹ್ನ ಸೂರ್ಯ ಸುಮಾರು 77 ಡಿಗ್ರಿ ಮೇಲಿರುತ್ತಾನೆ. ಒಂದೇ ಒಂದು ಅಡಿ ಸಜ್ಜಾ ಇಡೀ ಕಿಟಕಿಗೆ ನೆರಳು ಕೊಡುತ್ತದೆ. ಡಿಸೆಂಬರ್ 21ಕ್ಕೆ ಸೂರ್ಯ 54 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಸಜ್ಜಾದ ನೆರಳು ಒಂದೂಕಾಲಡಿ ದಾಟಿ ಸ್ವಲ್ಪ ಕೆಳಗೆ ಬರುತ್ತದೆ ಅಷ್ಟೇ, ಉಳಿದ ಕಿಟಕಿಯಲ್ಲಿ ಚಳಿಗಾಲದ ಎಳೆಬಿಸಿಲು ಒಳಗೆ ಬರುತ್ತದೆ. ಇನ್ನು ಅದೇ ಕಿಟಕಿ ಪಶ್ಚಿಮದಲ್ಲಿದ್ದರೆ? ಏಪ್ರಿಲ್‌ನ ಸಂಜೆ ಐದಕ್ಕೆ ಸೂರ್ಯ ಎದುರಿಗೇ ನಿಂತಿರುತ್ತಾನೆ. ಎರಡಡಿ ಸಜ್ಜಾ ಹಾಕಿದರೂ ಒಂದಡಿ ನೆರಳು ಸಿಗುವುದಿಲ್ಲ. ಆ ಕಡೆ ಸಜ್ಜಾ ಬೇಡ, ಒಂದು ಹೊಂಗೆ ಮರ ನೆಡಿ.