ರೇಷನ್ ಅಕ್ಕಿ, ಮಧ್ಯಾಹ್ನದ ಮುದ್ದೆ: ಕೊರೊನಾ ಕಾಲದಲ್ಲಿ ಕೋಲಾರದ ಊಟ

ಕೊರೊನಾ ಕೋಲಾರ ಜಿಲ್ಲೆಗೆ ಕಾಲಿಟ್ಟಿದ್ದು 2020ರ ಮೇ ತಿಂಗಳಲ್ಲಿ. ಮುಳಬಾಗಿಲಿನಲ್ಲಿ ಮೊದಲ ಪ್ರಕರಣಗಳು ಸಿಕ್ಕವು. ಆದರೆ ಜಿಲ್ಲೆಯ ಅಡುಗೆಮನೆಗಳಿಗೆ ಅದು ಬಹಳ ಮುಂಚೆಯೇ ಬಂದಿತ್ತು. ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನೋ ಸುಳ್ಳು ಸುದ್ದಿ ಫೆಬ್ರವರಿ, ಮಾರ್ಚ್‌ನಲ್ಲೇ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಕೋಳಿ ಕೇಳೋರಿಲ್ಲದೆ ಬೆಲೆ ನೆಲ ಕಚ್ಚಿತು. ಮೇವಿನ ಖರ್ಚೂ ಹುಟ್ಟದೆ ಜೀವಂತ ಕೋಳಿಗಳನ್ನೇ ಗುಂಡಿ ತೋಡಿ ಹೂತರು. ಆಮೇಲೆ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ. ಮಾರನೇ ದಿನ ಯುಗಾದಿ, ಅದರ ಮಾರನೇ ದಿನ ಹೊಸತೊಡಕು. ಮಟನ್ ಇಲ್ಲದ ಹೊಸತೊಡಕನ್ನು ನಮ್ಮ ಕಡೆ ಯಾರೂ ಊಹಿಸಿಕೊಳ್ಳೋದಿಲ್ಲ. ಆ ವರ್ಷ ಎಷ್ಟೋ ಮನೆಗಳಲ್ಲಿ ಹಬ್ಬ ಬೇಳೆ ಸಾರಿಗೇ ಮುಗಿಯಿತು.

ರೋಗ ಬಂದಾಗ ಊಟ ಬದಲಾಗೋದು ಇದೇ ಮೊದಲಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಮತ್ತು ಕೆರೆ ನಂಬಿದ ನಾಡಿದು. ಅದಕ್ಕೇ ಇಲ್ಲಿ ರಾಗಿ. ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುವ ಧಾನ್ಯ. ಹಿಂದಿನವರು ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟು ಬಾಯಿ ಮುಚ್ಚುತ್ತಿದ್ದರು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಆ ಹಗೇವುಗಳೂ ಬರಿದಾದವು. ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಸತ್ತರು. 1918ರ ಇನ್‌ಫ್ಲುಯೆಂಜಾ ಬಂದಾಗ ಮಳೆಯೂ ಕೈಕೊಟ್ಟಿತ್ತು. ಮಹಾಯುದ್ಧದಿಂದ ಕಾಳಿನ ಬೆಲೆಯೂ ಏರಿತ್ತು. ಆ ಜ್ವರ ಜಾಸ್ತಿ ಬಲಿ ತೆಗೆದುಕೊಂಡಿದ್ದು ದುಡಿಯುವ ವಯಸ್ಸಿನವರನ್ನು. ಅಂದರೆ ನೇಗಿಲು ಹಿಡಿಯೋರನ್ನು, ಒಲೆ ಹಚ್ಚೋರನ್ನು. ಭಾರತದಲ್ಲಿ 1 ಕೋಟಿಗೂ ಹೆಚ್ಚು ಜನ ಹೋದರು ಅನ್ನೋದು ಅಂದಾಜು.

ಅವತ್ತು ಊರಲ್ಲಿ ಕಾಳೇ ಇರಲಿಲ್ಲ. 2020ರಲ್ಲಿ ಸರ್ಕಾರದ ಗೋದಾಮು ತುಂಬಿತ್ತು, ಕೈಯಲ್ಲಿ ಕಾಸಿರಲಿಲ್ಲ. ಈ ವ್ಯತ್ಯಾಸ ಮರೆತರೆ ಕೊರೊನಾ ಕಾಲದ ಊಟದ ಕತೆ ಬರೀ ಮನೆಯಲ್ಲಿ ಕೇಕ್ ಮಾಡಿದವರ ಕತೆಯಾಗಿಬಿಡುತ್ತೆ.

ಎರಡು ಕಾಲದ ನಡುವೆ ನಮ್ಮ ತಟ್ಟೆಯೂ ಬೇರೆಯಾಗಿತ್ತು. ಬೋರ್‌ವೆಲ್ ಬಂತು, ಟೊಮೆಟೊ ಬಂತು. ರೇಷನ್ ಅಂಗಡಿಯಿಂದ ಅಕ್ಕಿ ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಬಡವರ ಮನೆಯಲ್ಲೂ ಅನ್ನ ದಿನದ ಊಟವಾಯಿತು. ಇದನ್ನು ಹಳಿಯೋರು ಹಸಿವು ನೋಡಿಲ್ಲ ಅಂತಲೇ ನನ್ನ ನಂಬಿಕೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಅಲ್ಲಿಂದ ಸಾವಿರಾರು ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ನರಸಾಪುರ, ಮಾಲೂರಿನ ಕಾರ್ಖಾನೆಗಳು ಶಿಫ್ಟ್ ಕೆಲಸ ತಂದವು. ಬೆಳಗ್ಗೆ ಹೋಟೆಲ್ ಇಡ್ಲಿ, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ, ಸಂಜೆ ಬೇಕರಿ ಪಫ್ಸ್. ಮುದ್ದೆ ರಾತ್ರಿಗೆ ಸರಿಯಿತು, ಕೆಲವು ಮನೆಗಳಲ್ಲಿ ಭಾನುವಾರಕ್ಕೆ.

ಇದರ ಗುರುತು ಅಂಕಿಯಲ್ಲೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಹೆಂಗಸರಲ್ಲಿ ತೂಕ ಮಿತಿ ಮೀರಿದವರು ಶೇ 23ರಷ್ಟಿದ್ದರು, ಐದನೇ ಸುತ್ತಿಗೆ ಶೇ 30 ಆದರು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಐದನೇ ಸುತ್ತಿಗೆ ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಹೋಗಿ ತೂಕ ನೋಡಿದ್ದು 2019ರಲ್ಲಿ, ಕೊರೊನಾಗೆ ಮುಂಚೆ. ಲಾಕ್‌ಡೌನ್‌ನಲ್ಲಿ ದಪ್ಪ ಆದ್ವಿ ಅಂತ ಎಲ್ಲರೂ ಹೇಳ್ತಾರೆ. ಮೈಗೆ ತೂಕ ಹತ್ತೋದು ಅದಕ್ಕೂ ಮುಂಚೆಯೇ ಶುರುವಾಗಿತ್ತು, ಅಲ್ವಾ?

ರೈಲು ನಿಂತಾಗ ಮೊದಲು ಬದಲಾಗಿದ್ದು ಊಟದ ಹೊತ್ತು. ತಿಂಡಿ ಹತ್ತು ಗಂಟೆಗೆ ಹೋಯಿತು, ಊಟ ಮೂರಕ್ಕೆ. ಸಂಜೆ ಟೀ ಜೊತೆ ಬೋಂಡಾ, ಇಲ್ಲದಿದ್ದರೆ ಬಿಸ್ಕತ್ತು. ಆ ಏಪ್ರಿಲ್, ಮೇನಲ್ಲಿ ಪಾರ್ಲೆ-ಜಿ ದೇಶದಲ್ಲೆಲ್ಲ ದಾಖಲೆ ಮಾರಾಟ ಕಂಡಿತು. ಆದರೆ ಮಧ್ಯಾಹ್ನದ ಮುದ್ದೆಯೂ ವಾಪಸ್ ಬಂತು. ಮುದ್ದೆಗೆ ಹೊತ್ತು ಬೇಕು. ಎಸರು ಕುದಿಯಬೇಕು. ಹಿಟ್ಟು ಸುರಿದು, ಕದಡದೆ ಹಾಗೇ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, ಗಂಟು ಉಳಿಯದ ಹಾಗೆ ಕೋಲಿನಲ್ಲಿ ತಿರುವಬೇಕು. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಕಟ್ಟಬೇಕು. ಶಿಫ್ಟಿಗೆ ಓಡುವ ಹೆಂಗಸಿಗೆ ಇದೆಲ್ಲಿ ಆಗುತ್ತೆ? ಎಲ್ಲರೂ ಮನೆಯಲ್ಲಿದ್ದಾಗ ಆಯಿತು. ಜೊತೆಗೆ ಬಸ್ಸಾರು, ಹುರುಳಿಕಾಳಿನ ಸಾರು. ಆದರೆ ತಿರುವಿದ್ದು ಬಹುಪಾಲು ಅದೇ ಹೆಂಗಸು, ಕೊನೆಗೆ ಉಂಡಿದ್ದೂ ಅವಳೇ.

ದಿನಗೂಲಿ ಮನೆಗಳ ಕತೆ ಬೇರೆ. ಕೋಲಾರದ ಟೊಮೆಟೊ ಹೊರಗೆ ಹೋಗಲಾರದೆ ತೋಟದಲ್ಲೇ ಕೊಳೆಯಿತು, ಪಕ್ಕದ ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಉಳಿಯಿತು. ಹೋಟೆಲ್, ಟೀ ಅಂಗಡಿ ಮುಚ್ಚಿ ಹಾಲು ಉಳಿದಾಗ ಸರ್ಕಾರ ಕೊಳೆಗೇರಿಗಳಲ್ಲಿ ಪುಕ್ಕಟೆ ಹಂಚಿತು. ತರಕಾರಿ ಬೆಳೆಯುವ ಜಿಲ್ಲೆಯಲ್ಲೇ ಕೂಲಿಯವರ ತಟ್ಟೆಯಲ್ಲಿ ತರಕಾರಿ ಕಡಿಮೆಯಾಯಿತು. ಎಣ್ಣೆ, ಬೇಳೆ, ಮೊಟ್ಟೆಗೆ ಕಾಸು ಬೇಕಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕೆಲವು ರಾಜ್ಯಗಳಲ್ಲಿ ದುಡಿಯುವ ಮನೆಗಳನ್ನು ಕೇಳಿದಾಗ, ಲಾಕ್‌ಡೌನ್‌ನಲ್ಲಿ ಊಟ ಕಡಿಮೆಯಾಯಿತು ಅಂದವರು ಶೇ 90ರಷ್ಟು. ಆರು ತಿಂಗಳಾದ ಮೇಲೂ ಸುಧಾರಿಸಿಲ್ಲ ಅಂದವರು ಶೇ 20. ಆ ಅಂಕಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತೆ.

ಕಷಾಯದ ಕತೆ ಎಲ್ಲರಿಗೂ ಗೊತ್ತು. ಆಯುಷ್ ಸಚಿವಾಲಯ ತುಳಸಿ, ಚಕ್ಕೆ, ಮೆಣಸು, ಶುಂಠಿ ಹೇಳಿತು. ಜನ ಹೊಟ್ಟೆ ಉರಿಯುವಷ್ಟು ಕುಡಿದರು.

2021ರ ಎರಡನೇ ಅಲೆ ಹಳ್ಳಿಗಳನ್ನು ಹಿಡಿಯಿತು. ಅಂಗಡಿ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ. ಸೋಂಕು ತಗುಲಿದ ಎಷ್ಟೋ ಜನರಿಗೆ ವಾಸನೆ ಹೋಯಿತು. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು ವೈರಸ್ ಕೆಡಿಸುತ್ತೆ. ನಾವು ರುಚಿ ಅನ್ನೋದರಲ್ಲಿ ಬಹುಪಾಲು ವಾಸನೆಯೇ. ಒಗ್ಗರಣೆಯ ಘಮ ಹೋದರೆ ಸಾರಿನಲ್ಲಿ ಉಳಿಯೋದು ಉಪ್ಪು, ಹುಳಿ, ಖಾರ. ಅದಕ್ಕೇ ಉಪ್ಪು, ಖಾರ ಜಾಸ್ತಿ ಹಾಕಿಕೊಂಡವರಿದ್ದಾರೆ, ಊಟವೇ ಬೇಡ ಅಂದವರೂ ಇದ್ದಾರೆ. ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ ಸಕ್ಕರೆ ಏರಿತು, ಅಲ್ಲಿಯವರೆಗೆ ಗೊತ್ತೇ ಇರದ ಶುಗರ್ ಬೆಳಕಿಗೆ ಬಂತು. ಆಗ ಅನ್ನ ಬಿಟ್ಟು ಮುದ್ದೆ ಹಿಡಿದವರು ಬಹಳ. ಒಂದು ಮಾತು ಇಲ್ಲಿ ಹೇಳಲೇಬೇಕು. ನುಣ್ಣಗೆ ಬೀಸಿದ ರಾಗಿಯೂ ಸಕ್ಕರೆ ಏರಿಸುತ್ತೆ. ಮುದ್ದೆಯ ಗಾತ್ರ ನೋಡಬೇಕು, ಜೊತೆಗೆ ಸೊಪ್ಪು, ಕಾಳು ಇರಬೇಕು.

ಆ ಕಾಳಿನ ವಿಷಯಕ್ಕೇ ಬರೋಣ. 2020ರ ಏಪ್ರಿಲ್‌ನಿಂದ ಕೇಂದ್ರದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲೆಗೆ 5 ಕೆಜಿ ಧಾನ್ಯ, ಮನೆಗೆ 1 ಕೆಜಿ ಬೇಳೆಕಾಳು ಪುಕ್ಕಟೆ ಸಿಗಬೇಕಿತ್ತು. ಬೇಳೆಕಾಳು ಆ ವರ್ಷದ ನವೆಂಬರ್‌ಗೆ ನಿಂತಿತು. 2021ರ ಮೇನಲ್ಲಿ ಯೋಜನೆ ಮತ್ತೆ ಶುರುವಾದಾಗ ಬರೀ ಧಾನ್ಯ ಬಂತು, 2022ರ ಡಿಸೆಂಬರ್‌ವರೆಗೂ ಹಾಗೇ ನಡೆಯಿತು. ಸಾವು ಜಾಸ್ತಿಯಾದ ಆ ಎರಡನೇ ಅಲೆಯಲ್ಲೇ, ಜ್ವರದಿಂದ ಎದ್ದವರಿಗೆ ಬೇಕಾಗಿದ್ದ ಬೇಳೆಯೇ ರೇಷನ್‌ನಲ್ಲಿ ಇರಲಿಲ್ಲ. ರಾಜ್ಯ ಸರ್ಕಾರ 2021ರಲ್ಲಿ ನಮ್ಮ ಕಡೆಯ ಜಿಲ್ಲೆಗಳಿಗೆ ರಾಗಿ ಕೊಟ್ಟಿದ್ದು ಒಳ್ಳೇದೇ ಆಯಿತು. ಬೇಳೆಯ ಮಾತು ಮತ್ತೆ ಬಂದಿದ್ದು 2025ರ ಅಕ್ಟೋಬರ್‌ನಲ್ಲಿ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಗೆ ಬದಲಾಗಿ ತೊಗರಿಬೇಳೆ, ಎಣ್ಣೆ ಇರುವ ಕಿಟ್ ಕೊಡಲು ಆಗ ಸಚಿವ ಸಂಪುಟ ಒಪ್ಪಿತು.